ಸುಡದ ಕೈ

ಬಲ ಎದೆಯ ಆಪರೇಷನ್ ಮೈಸೂರಿನಲ್ಲಾಯಿತು. ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ, ಆಮೇಲೆ ರೇಡಿಯೇಷನ್. ಮನೆಗೆ ಕಳಿಸುವ ದಿನ ನರ್ಸು ನನ್ನ ಬಲಗೈ ಹಿಡಿದು, ಇನ್ನು ಮೇಲೆ ಇದನ್ನು ಜೋಪಾನ ಮಾಡಬೇಕು ಎಂದಳು. ಈ ಕೈಗೆ ಇಂಜೆಕ್ಷನ್ ಬೇಡ, ಬಿಪಿ ಪಟ್ಟಿ ಬೇಡ, ಭಾರ ಎತ್ತಬೇಡಿ, ಗಾಯ ಮಾಡಿಕೊಳ್ಳಬೇಡಿ, ಬಿಸಿ ಪಾತ್ರೆ ಮುಟ್ಟಬೇಡಿ. ಒಂದು ಸಲ ಊದಿಕೊಂಡರೆ ಇಳಿಸುವುದು ಕಷ್ಟ, ಊದಿದ್ದು ಕಂಡ ಕೂಡಲೇ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದಳು.

ಅಷ್ಟನ್ನೂ ಪಾಲಿಸಿದೆ. ಒಲೆ ಮೇಲಿನ ಪಾತ್ರೆಯನ್ನು ಯಜಮಾನರ ಕೈಲಿ ಇಳಿಸಿಸಿದೆ. ನೀರಿನ ಬಿಂದಿಗೆ ಮುಟ್ಟಲಿಲ್ಲ. ಹೊಳೆನರಸೀಪುರದ ಕ್ಲಿನಿಕ್ಕಿನಲ್ಲಿ ಬಲಗೈಗೆ ಸೂಜಿ ತಂದವನನ್ನು ಬೈದು ಎಡಗೈ ಚಾಚಿದೆ. ಮುದ್ದೆ ಕಟ್ಟುವುದೊಂದನ್ನು ಮಾತ್ರ ಬಿಡಲಿಲ್ಲ. ಮುದ್ದೆ ಪಾತ್ರೆಯಲ್ಲವಲ್ಲ. ಅದೂ ಬಿಸಿಯ ಲೆಕ್ಕಕ್ಕೆ ಬರುತ್ತದೆ ಎಂದು ನನಗಾಗಲಿ ಮನೆಯ ಯಾರಿಗಾಗಲಿ ಹೊಳೆಯಲೇ ಇಲ್ಲ. ಉಸಿರಾಡುವುದು ಬಿಡಿ ಎಂದಿದ್ದರೆ ಅದನ್ನಾದರೂ ಯೋಚನೆ ಮಾಡುತ್ತಿದ್ದೆವೇನೋ.

ನಾನು ಮಲಗಿದ್ದ ತಿಂಗಳುಗಳಲ್ಲಿ ಅಡುಗೆ ಸೊಸೆಯದು. ಚನ್ನರಾಯಪಟ್ಟಣದ ಹುಡುಗಿ, ಒಳ್ಳೆಯವಳು. ಹಿಟ್ಟನ್ನು ಸೌಟಿನಲ್ಲಿ ಬಟ್ಟಲಿಗೆ ಹಾಕಿ ಅಲ್ಲಾಡಿಸಿ ಮುದ್ದೆ ಮಾಡುತ್ತಿದ್ದಳು. ನನ್ನ ಅತ್ತೆ ಅದನ್ನು ಎರಡು ತುತ್ತು ತಿಂದು ತಟ್ಟೆ ಸರಿಸಿದ್ದನ್ನು ಮಂಚದಿಂದಲೇ ನೋಡಿದ್ದೆ. ನಮ್ಮ ಮನೆಯಲ್ಲಿ ಬೆಂದ ಹಿಟ್ಟನ್ನು ಮಣೆಯ ಮೇಲೆ ಸುರಿದು, ಹಬೆಯಾಡುವಾಗಲೇ ಅಂಗೈಯಲ್ಲಿ ನಾದಿ ಕಟ್ಟಬೇಕು. ಆ ಕೆಲಸ ಇಷ್ಟು ವರ್ಷವೂ ನನ್ನದು. ಅದನ್ನು ಮತ್ತೆ ಮಾಡಿದ ದಿನ ನನಗೆ ವಾಸಿಯಾಯಿತು ಎಂದುಕೊಂಡಿದ್ದೆ. ಡಾಕ್ಟರ ರಿಪೋರ್ಟಿಗಿಂತ ನನಗೆ ಅದೇ ಮುಖ್ಯವಾಗಿತ್ತು.

ಆ ದಿನ ಮಣೆಯ ಮುಂದೆ ಹೆದರಿಕೊಂಡೇ ಕೂತೆ. ಕೀಮೋ ಆದಾಗಿನಿಂದ ಬೆರಳುಗಳಲ್ಲಿ, ಅಂಗೈಯಲ್ಲಿ ಏನೋ ಜೋಮು. ಹಿಟ್ಟಿಗೆ ಕೈ ಹಾಕಿದೆ. ಸುಡಲಿಲ್ಲ. ಮೊದಲೆಲ್ಲ ನಾಲ್ಕು ಮುದ್ದೆಗೊಮ್ಮೆ ಕೈಯನ್ನು ನೀರಿಗೆ ಅದ್ದುತ್ತಿದ್ದವಳು ಈಗ ಒಂದೇ ಸಮನೆ ಕಟ್ಟಿ ಮುಗಿಸಿದೆ. ಅತ್ತೆಯ ಮುಖ ಅರಳಿತು.

"ನೋಡವ್ವ, ಜನ ಏನೇನೋ ಅಂದ್ರು. ನಿನ್ ಕೈ ಮದ್ಲಿಗಿಂತ್ಲೂ ಗಟ್ಟಿ ಆಗದೆ ಕಣ. ಇನ್ನೇನೂ ಆಗಕಿಲ್ಲ ಬುಡು."

ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೆ.

ನಾಟಿ ಬಂತು. ಗದ್ದೆಗೆ ಬಂದ ಹೆಣ್ಣಾಳುಗಳಿಗೆಲ್ಲ ನಾನೇ ಹಿಟ್ಟು ಕಟ್ಟುತ್ತೇನೆ ಎಂದು ಹಟ ಹಿಡಿದೆ. ಒಂದು ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಕೈ ತೊಳೆಯುತ್ತಿದ್ದಾಗ ಸೊಸೆ ನೋಡಿದಳು.

"ಅತ್ತೆ, ಎರಡೂ ಕೈ ಬೊಬ್ಬೆ ಎದ್ದಿದೆಯಲ್ಲ. ಉರೀತಿಲ್ವಾ?"

"ಏನೂ ಇಲ್ಲ ಬುಡು" ಎಂದು ಹರಳೆಣ್ಣೆ ಸವರಿಕೊಂಡೆ.

ಎಡಗೈಯ ಬೊಬ್ಬೆ ಒಣಗಿ ಸಿಪ್ಪೆ ಎದ್ದು ಹೋಯಿತು. ಬಲಗೈಯದು ಒಡೆದು ಹಸಿಯಾಗಿಯೇ ಉಳಿಯಿತು. ಮುಂಗೈ ಊದಿತು, ಕೆಂಪು ಮೊಣಕೈವರೆಗೆ ಹತ್ತಿತು. ಯಜಮಾನರು ಎದುರು ಬಂದು ನಿಂತರು.

"ಓಗಾನ ನಡಿ. ಕೈ ಊದ್ರೆ ತಡ ಮಾಡ್ಬ್ಯಾಡಿ ಅಂದಿರ್ನಿಲ್ವ ಅವ್ರು?"

"ಇನ್ನೊಂದ್ ಗದ್ದೆ ಅದೆ. ನಾಟಿ ಮುಗೀಲಿ ತಡೀರಿ" ಎಂದೆ.

ತಡೆದರು. ಮದುವೆಯಾದಾಗಿನಿಂದ ನನ್ನ ಮಾತು ಮೀರಿದವರಲ್ಲ. ಅದೊಂದು ಸಲ ಗದರಿ ಎಳೆದುಕೊಂಡು ಹೋಗಿದ್ದರೆ ಎಂದು ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ. ಅನ್ಯಾಯದ ಸಿಟ್ಟು, ಗೊತ್ತು. ಆದರೂ ಬರುತ್ತದೆ.

ನಾಟಿ ಮುಗಿಯುವ ಮೊದಲೇ ನಡುಕ ಹತ್ತಿ ಜ್ವರ ಬಂತು. ರವಿಕೆಯ ತೋಳನ್ನು ಸೊಸೆ ಕತ್ತರಿಯಲ್ಲಿ ಕತ್ತರಿಸಿ ಬಿಚ್ಚಿದಳು. ಕಾರಿನಲ್ಲಿ ಹಾಸನಕ್ಕೆ ಹೋಗುವಾಗ ಮೊಸಳೆ ಎಂಬ ಊರು ದಾಟಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಆಸ್ಪತ್ರೆಯಲ್ಲಿ ಎಡಗೈಗೆ ಡ್ರಿಪ್ಸ್ ಹಾಕಿ ಔಷಧಿ ಇಳಿಸಿದರು. ಜ್ವರ ಬಿಟ್ಟಿತು, ಕೆಂಪೂ ಹೋಯಿತು. ಊತ ಹೋಗಲಿಲ್ಲ.

ಡಾಕ್ಟರಮ್ಮ ಕಣ್ಣು ಮುಚ್ಚಿಕೊಳ್ಳಿ ಎಂದರು. ಮುಚ್ಚಿಕೊಂಡೆ. ಬೆರಳು ಮುಟ್ಟಿದಾಗ ಹೇಳಿ ಎಂದರು. ನಾನು ಕಾಯುತ್ತಾ ಕೂತೆ. ಇನ್ನೂ ಯಾಕೆ ಮುಟ್ಟಲಿಲ್ಲ ಎಂದು ಕಣ್ಣು ಬಿಟ್ಟರೆ ಅವರ ಕೈಯಲ್ಲಿದ್ದ ಕಡ್ಡಿ ನನ್ನ ತೋರುಬೆರಳಿನ ಮೇಲೇ ಇತ್ತು.

"ಕೈ ಗಟ್ಟಿಯಾಗಿಲ್ಲಮ್ಮ. ಕೀಮೋದಿಂದ ನರಗಳಿಗೆ ಪೆಟ್ಟಾಗಿದೆ. ಬಿಸಿ ತಾಗಿದ್ದೇ ನಿಮಗೆ ಗೊತ್ತಾಗಿಲ್ಲ."

ಊತದ ಕಾರಣವನ್ನೂ ಹೇಳಿದರು. ಕೈಗೆ ಬಂದ ನೀರು ಕಂಕುಳಿನ ಗಂಟುಗಳ ಮೂಲಕ ವಾಪಸಾಗಬೇಕು, ಈಗ ಆ ಗಂಟುಗಳೇ ಇಲ್ಲ. ಸೋಂಕಾಗಿ ಉಳಿದ ದಾರಿಯೂ ಕೆಟ್ಟಿದೆ. ಹೇಮಾವತಿ ನಾಲೆಯ ನೀರಿನಲ್ಲಿ ಬೇಸಾಯ ಮಾಡುವ ಯಜಮಾನರಿಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು. "ಎಂಗಾದ್ರೂ ಮದ್ಲಿನ ಕೈ ಬತ್ತದಾ ಮೇಡಂ?" ಎಂದು ಕೇಳಿದರು.

"ಇಲ್ಲ. ಸ್ವಲ್ಪ ಇಳಿಸಬಹುದು. ಆಮೇಲೆ ಇನ್ನೂ ಊದದ ಹಾಗೆ ನೋಡಿಕೊಳ್ಳಬೇಕು, ಜೀವ ಇರೋವರೆಗೂ."

ಈಗ ದಿನ ಬೆಳಗಾದರೆ ಚರ್ಮಕ್ಕೆ ಮುಲಾಮು, ಕೈ ಎತ್ತಿ ಇಳಿಸುವ ವ್ಯಾಯಾಮ, ಆಮೇಲೆ ಬೆರಳಿನಿಂದ ತೋಳಿನವರೆಗೆ ಬ್ಯಾಂಡೇಜು. ಯಜಮಾನರೇ ಸುತ್ತುತ್ತಾರೆ. ಬೆರಳು ಮಡಚಿ ಮುಷ್ಟಿ ಕಟ್ಟಲು ಆಗುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವ ಬದಲು ಹಸಿದುಕೊಂಡೇ ವಾಪಸು ಬರುತ್ತೇನೆ. ಇಷ್ಟು ಮಾಡಿದರೂ ಊತ ಒಂದೊಂದು ದಿನ ಕೇಳುವುದಿಲ್ಲ. ಆ ದಿನ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಹೊಡೆಯುವಷ್ಟು ಕೋಪ ಬರುತ್ತದೆ. ಹೊಡೆಯುವುದಕ್ಕೂ ಆ ಕೈಗೆ ಆಗುವುದಿಲ್ಲ.

ಈ ಸಲದ ನಾಟಿಗೆ ಸೊಸೆಯೇ ಮಣೆಯ ಮುಂದೆ ಕೂತಳು. ನನ್ನ ಅತ್ತೆಯ ಆಸೆಗೆ ಸೌಟು ಬಟ್ಟಲು ಬಿಟ್ಟು ಕೈಯಲ್ಲೇ ಕಟ್ಟಲು ಹೋಗಿ, ಮೊದಲ ಮುದ್ದೆಗೇ ಕೈ ಕಿತ್ತುಕೊಂಡಳು. ಅಂಗೈ ಕೆಂಪಾಗಿತ್ತು.

"ಅಭ್ಯಾಸ ಆಯ್ತದೆ ಕಣವ್ವ. ಆಮ್ಯಾಕೆ ಏನೂ ಗೊತ್ತಾಗಕಿಲ್ಲ" ಎಂದರು ಅತ್ತೆ.

"ಗೊತ್ತಾಗ್ಲಿ" ಎಂದೆ. ಜೋರಾಗಿಯೇ ಹೇಳಿದೆನೇನೋ, ಇಬ್ಬರೂ ನನ್ನತ್ತ ತಿರುಗಿದರು. "ತಣ್ಣೀರಲ್ಲಿ ಇಡವ್ವ ಕೈಯ. ಸೌಟಲ್ಲೇ ಮಾಡು. ತಿನ್ನೋರು ತಿಂತಾರೆ."

ಸೊಸೆ ಕೊಳಗದ ನೀರಿಗೆ ಕೈ ಇಳಿಸಿದಳು. ಹಲ್ಲು ಕಚ್ಚಿದ್ದವಳು ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟಳು. ಸುಟ್ಟದ್ದೂ ತಣ್ಣಗಾದದ್ದೂ ಎರಡೂ ಗೊತ್ತಾಗುವ ಆ ಕೈಯನ್ನು ನೋಡುತ್ತಾ ನಿಂತ ನನಗೆ, ನನ್ನ ಮಗನ ಹೆಂಡತಿಯ ಮೇಲೆ, ಹೊಟ್ಟೆಕಿಚ್ಚಾಯಿತು.