ನಾಲ್ಕೇಡಿ ಅಳಿಯ

ಸಿಲಿಂಡರು ಬಸ್ಸಿನಲ್ಲೇ ಸಿಡಿಯಬಹುದಿತ್ತು. ಹರಿಗೋಲು ಮಗುಚಬಹುದಿತ್ತು. ಮೊಸಳೆ ಬರಬಹುದಿತ್ತು, ಬರದಿದ್ದರೂ ಯಾವುದೋ ಮರದ ಕೊರಡನ್ನು ಮೊಸಳೆಯೆಂದುಕೊಂಡು ನಾನೇ ನೀರಿಗೆ ಹಾರಬಹುದಿತ್ತು. ಮಾದೇಶನ ಕಾಲು ತಳದಲ್ಲಿ ಬಿದ್ದಿರುವ ಹಳೆಯ ಬಲೆಗೆ ಸಿಕ್ಕಬಹುದಿತ್ತು. ಅಣೆಕಟ್ಟಿನ ಕಾವಲಿನವರು ನಮ್ಮನ್ನು ಹಿಡಿದು ಕೂರಿಸಿ ನಮ್ಮಪ್ಪನಿಗೆ ಹೇಳಿ ಕಳಿಸಬಹುದಿತ್ತು. ಇದೊಂದೂ ಆಗಲಿಲ್ಲ. ಸದ್ಯ ಎಂದು ನೀವು ನಿಟ್ಟುಸಿರು ಬಿಡಬೇಡಿ, ಆದದ್ದು ಬೇರೆ ಇದೆ.

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಏಡಿ ಸಾರಿಗೆ ಮೆಣಸು, ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸೀನು ಬರುವ ಮೊದಲು ಮಾದೇಶ ನೆನಪಿಗೆ ಬಂದ.

ತೊಂಬತ್ತರ ದಶಕದ ಮಾತು. ಸೇಲಂನಲ್ಲಿ ನಮ್ಮದು ನೇಕಾರರ ಮನೆ. ಹನ್ನೆರಡನೇ ವಯಸ್ಸಿಗೆ ಮಗ್ಗದ ಗುಂಡಿಗೆ ಇಳಿದವನು ನಾನು. ನನ್ನ ಬದುಕಿನ ಆಳ ಅಷ್ಟೇ. ಗೆಳೆಯ ಮಾದೇಶ ತೂತುಕುಡಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವ ಕೆಲಸ ಕಲಿತಿದ್ದ. ಆಗಷ್ಟೇ ನಂಗವಳ್ಳಿಯ ಹೆಣ್ಣನ್ನು ಮದುವೆಯಾಗಿದ್ದ. ಮಾವ ಬೇಸಾಯದವರು. "ಮುಳುಗೋಕೂ ಸಂಬ್ಳ ಕೊಡ್ತಾರಾ? ನಮ್ಮೆಮ್ಮೆಗೆ ಯಾರೂ ಕೊಡಾಕಿಲ್ವಲ್ಲ" ಎಂದು ನೆಂಟರ ಮುಂದೆ ಕೇಳಿಬಿಟ್ಟಿದ್ದರು. ಮಾದೇಶನಿಗೆ ಅದು ನಾಟಿತ್ತು. ಕೆಲಸದ ಜಾಗದಲ್ಲಿ ಕಾಡಿ ಬೇಡಿ ಒಂದು ಸಿಲಿಂಡರು ತಂದ. "ಭಾನ್ವಾರ ಮಸಾಲೆ ಅರೆದಿಟ್ಕಳಿ ಮಾವ, ಮೆಟ್ಟೂರು ಡ್ಯಾಮಿಂದ ಬುಟ್ಟಿ ತುಂಬ ಏಡಿ ತತ್ತೀನಿ" ಎಂದು ಮಾತು ಕೊಟ್ಟ. ಇದ್ದದ್ದು ಒಂದೇ ಸಿಲಿಂಡರು. ಅದರ ಗಾಳಿ ಮುಗಿದರೆ ಅಳಿಯನ ಮರ್ಯಾದೆಯೂ ಮುಗಿದ ಹಾಗೆ.

ಭಾನುವಾರ ಡ್ಯಾಮಿನಲ್ಲಿ ನಮ್ಮಿಬ್ಬರ ಗೆಳೆಯ, ಕಡಯಂಪಟ್ಟಿಯ ಚಿನ್ನಪ್ಪ, ಹರಿಗೋಲಿಗೆ ಹುಟ್ಟು ಹಾಕಿದ. ಮಾದೇಶನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ನನ್ನ ಕೈಗೆ ಬಂತು.

"ಇವನ ಕೈಲೇ ಇರ್ಲಿ. ಎದ್ರುಪುಕ್ಲ, ನಿದ್ದೆ ಓಗಾಕಿಲ್ಲ" ಎಂದ ಮಾದೇಶ. "ಆಪತ್ತು ಅಂದ್ರೆ ಎರಡು ಕಿತ ಜಗ್ಗು ಲಾ, ಬಂದ್ಬುಡ್ತೀನಿ."

ಮುಳುಗಿದ. ಗುಳ್ಳೆಗಳು ಎದ್ದವು. ನಾನು ಮೊಸಳೆಗಾಗಿ ನಾಲ್ಕೂ ದಿಕ್ಕು ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಮಾದೇಶ ಗಾಬರಿಯಿಂದ ಮೇಲೆ ಬಂದ.

"ಏನ್ಲಾ ಆಯ್ತು?"

"ಏನೂ ಇಲ್ವಲ್ಲ."

"ಮತ್ಯಾಕ್ಲಾ ಜಗ್ದೆ?"

"ನಾನೆಲ್ಲಿ ಜಗ್ದೆ?"

ಮತ್ತೆ ಮುಳುಗಿದ, ಮತ್ತೆ ಬಂದ. "ಕೈಗೆ ಸಿಕ್ಕಿದ್ ಏಡಿ ಬುಟ್ಬುಟ್ಟು ಬಂದೆ ಕಣಪ್ಪಾ!" ನಾನು ತಾಯಾಣೆ ಇಟ್ಟೆ. ಹೀಗೆ ಐದಾರು ಸಲ ಆಯಿತು. ಕೊನೆಗೆ ಚಿನ್ನಪ್ಪ ಹುಟ್ಟು ಬಿಟ್ಟು ನನ್ನನ್ನೇ ನೋಡಿದ.

"ಅಯ್ಯೋ ಸಾಮಿ! ಲೇ, ಕಾಲೂ ತುಳೀತಾವ್ನೆ! ಡ್ಯಾಮ್ ಮೇಲೆ ಸೀರೆ ನೇಯ್ತಾವ್ನೆ ಕಣ್ಲಾ ಇವ್ನು!"

ಮಗ್ಗ ಕಾಣದವರಿಗಾಗಿ ಹೇಳುತ್ತೇನೆ. ಬಲಗೈಯಲ್ಲಿ ಹಗ್ಗ ಜಗ್ಗಿದರೆ ಲಾಳಿ ಅತ್ತ ಹಾರುತ್ತದೆ, ಇನ್ನೊಮ್ಮೆ ಜಗ್ಗಿದರೆ ಇತ್ತ; ನಡುನಡುವೆ ಕಾಲು ಗುಂಡಿಯೊಳಗಿನ ಮೆಟ್ಟು ತುಳಿಯುತ್ತದೆ. ಹದಿನಾಲ್ಕು ವರ್ಷ ಅದನ್ನೇ ಮಾಡಿದ ಕೈಗೆ ಹಗ್ಗ ಕೊಟ್ಟು, ತಲೆಗೆ ಮೊಸಳೆಯನ್ನು ಕೊಟ್ಟರೆ, ಕೈ ತನ್ನ ಪಾಡಿಗೆ ತಾನು ದುಡಿಯುತ್ತದೆ. ಚಿನ್ನಪ್ಪ ಹಗ್ಗ ಕಿತ್ತುಕೊಂಡ. ಮುಂದಿನ ಸಲ ಮಾದೇಶ ಯಾರೂ ಜಗ್ಗದೆಯೇ ಮೇಲೆ ಬಂದ. ಗಾಳಿ ಮುಗಿದಿತ್ತು. ಬುಟ್ಟಿಯಲ್ಲಿ ನಾಲ್ಕು ಏಡಿ ಇದ್ದವು.

ಚಿನ್ನಪ್ಪ ಅಲ್ಲಿಂದಲೇ ಊರಿಗೆ ಹೋದ. ನಾವಿಬ್ಬರು ನಂಗವಳ್ಳಿ ತಲುಪಿದಾಗ ಅತ್ತೆ ಹನ್ನೆರಡು ಜನಕ್ಕೆ ಮಸಾಲೆ ಅರೆದಿದ್ದರು, ಹನ್ನೆರಡು ಜನವೂ ಬಂದು ಕೂತಿದ್ದರು. ಮಾವ ಬುಟ್ಟಿಯೊಳಗೆ ಇಣುಕಿದರು.

"ನಾಕಾ? ಇದ್ಕೆ ಸಿಲಿಂಡ್ರು ಬೇಕಾಯ್ತಾ ಅಳಿಯಂದ್ರೆ? ನಮ್ಮೂರ ಎಂಗಸ್ರು ಮೊಣಕಾಲುದ್ದ ಕಾಲ್ವೇಲಿ ಇದ್ಕಿಂತ ಜಾಸ್ತಿ ಇಡೀತಾರೆ."

ನೆಂಟರೆಲ್ಲ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ಹೊಸ ಹೆಂಡತಿ ಒಳಗೆ ಸರಿದಳು. ಮಾದೇಶ ನನ್ನ ಕಡೆ ಒಂದು ಸಲ ನೋಡಿದ, ಒಂದೇ ಸಲ. ಆಮೇಲೆ, "ನೀರು ಕಲ್ಕಿತ್ತು ಮಾವ, ಕಣ್ಣು ಕಾಣ್ಲಿಲ್ಲ" ಎಂದ.

ಊಟಕ್ಕೆ ಕೂತೆವು. ಮಾವ ಏಡಿಯ ದೊಡ್ಡ ಕೊಂಡಿಯನ್ನು ಹುಡುಕಿ ನನ್ನ ಎಲೆಗೆ ಹಾಕಿದರು. "ನೀವು ತಿನ್ನಿ ತಂಬಿ. ನೀವೇನ್ ತಪ್ಪು ಮಾಡಿದ್ರಿ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ. "ಇನ್ನೊಂಚೂರು ಸಾರು" ಎಂದೆ.

ಅವತ್ತಿನಿಂದ ಅವನು ಆ ಊರಿಗೆ ನಾಲ್ಕೇಡಿ ಅಳಿಯ. ಇಪ್ಪತ್ತು ವರ್ಷದಲ್ಲಿ ಅವನ ಮಕ್ಕಳೂ ಅದನ್ನು ಕೇಳಿಕೊಂಡೇ ಬೆಳೆದರು.

ಇವತ್ತು ಊಟಕ್ಕೆ ಕೂರುವ ಮೊದಲು ನಂಗವಳ್ಳಿಗೆ ಫೋನ್ ಮಾಡಿದೆ. ಮಾದೇಶನ ಮಾವ, ಆ ಮುದುಕರೇ ತೆಗೆದರು. ಹಗ್ಗ, ಕೈ, ಮಗ್ಗ, ಎಲ್ಲ ಹೇಳಿದೆ.

"ಒಂದ್ ಕಿತಾನೂ ಈ ಮಾತ್ನ ಏಳ್ಲಿಲ್ವಲ್ಲ ತಂಬಿ ಅವ್ನು" ಎಂದರು. ಆಮೇಲೆ, "ಇನ್ಮೇಲೆ ಏನಂತ ಕೂಗ್ಲಿ ಅವನ್ನ?"

"ಮಾದೇಶ ಅಂತ" ಎಂದೆ.

ಸಾರು ಆರಿತ್ತು. ಆರಿದ್ದನ್ನೇ ಉಂಡೆ, ಎರಡನೇ ಸಲ ಕೇಳಲಿಲ್ಲ. ಸಿಲಿಂಡರು, ಮೊಸಳೆ, ಕಾವಲಿನವರು, ಎಲ್ಲಕ್ಕೂ ಅವತ್ತು ಮುಂಚೆಯೇ ಹೆದರಿಕೊಂಡಿದ್ದ ನನಗೆ, ನಿಜ ಹೇಳಲು ಬಾಯಿ ತೆರೆದು ಸಾರು ಕೇಳಿಬಿಡುತ್ತೇನೆಂಬುದು ಮಾತ್ರ ಹೊಳೆದಿರಲಿಲ್ಲ.