ಅಂಜಿದರೆ ಏರುವ ಸ್ವರ

ಅಲ್ಲ, ನಾಟಕ ಕಂಪನಿಯ ನಮ್ಮ ರೇವಮ್ಮನ ಸಿನಿಮಾದ ಮಾತು ಇನ್ನೂ ಮುಗಿದಿಲ್ಲ ನೋಡಿ: ಸೊಲ್ಲಾಪುರದಲ್ಲಿ ಪರದೆಯ ಮೇಲೆ ನಿಧಾನ ನಡೆಯುವ ತನ್ನನ್ನೇ ಕಂಡು "ಲಗೂನ ನಡಿ ಬೇ!" ಎಂದು ಬೈದವಳು ಆಕೆ. ನಾಟಕದಲ್ಲಂತೂ ರಾಣಿ, ರಾಕ್ಷಸ, ರಾಕ್ಷಸನ ಅತ್ತೆ, ಮೂರೂ ಅವಳೇ. ಹಾಡಿದರೆ ಆಳಂದದ ಎತ್ತುಗಳೂ ಮೆಲುಕು ಮರೆಯುತ್ತವೆ. ಮೊನ್ನೆ ಹಾಡುತ್ತಿದ್ದಂತೆ ಸ್ವರ ಸರ್ರನೆ ಮೇಲೇರಿತು, ನಾವು ಹುಚ್ಚೆದ್ದು "ವನ್ಸ್‌ಮೋರ್!" ಎಂದು ಕೂಗಿದೆವು, ಆಕೆ ಮತ್ತೆ ಮತ್ತೆ ಹಾಡಿದಳು. ಆಟ ಮುಗಿದ ಮೇಲೆ ಪೇಟಿ ಬಾರಿಸುವ ಚಂದ್ರಾಮ ಹೇಳಿದ: "ಅದು ಕಲಾ ಅಲ್ಲೋ ತಮ್ಮಾ, ಅಂಜಿಕಿ. ನಿಮ್ಮ ಬೆನ್ನ ಹಿಂದ ನಿಜಾಮನ ರಜಾಕಾರರು ಬಂದೂಕ ಹಿಡಕೊಂಡು ನಿಂತಿದ್ರು. ಆಕಿ ಹಾಡು ನಿಲ್ಲಿಸಿದ್ರ ನೀವು ತಿರುಗಿ ನೋಡಿ ಓಡ್ತಿದ್ರಿ, ಅವರು ಗುಂಡು ಹಾರಸ್ತಿದ್ರು. ಅದಕ್ಕ ಅವರು ಹೋಗೋತನಕ ಹಾಡಿದ್ಲು." ಈಗ ಕಂಪನಿ ಖಜೂರಿಯಲ್ಲಿದೆ, ಆ ರಜಾಕಾರರೂ ಅತ್ತಲೇ ಹೋದರಂತೆ. ನಿಜಾಮನ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗು ಎಂದರೆ ರೇವಮ್ಮ ನಮ್ಮ ಮಾತು ಕೇಳುತ್ತಿಲ್ಲ. ನಿಮ್ಮ ಮಾತನ್ನು ಆಕೆ ಮೀರುವುದಿಲ್ಲ; ನೀವಾದರೂ ಇವತ್ತೇ ಹೋಗಿ, ಆಕೆಯನ್ನು ಕಂಡು ಹೇಳಿ.