ಕೆರಿಯಪ್ಪ ಆರಿಸುವ ಹೋಟೆಲು

ಸಿಗಂದೂರಿಗೆ ಹೋಗುವ ಭಕ್ತರು ಸಾಗರದ ಹಳೇ ಪೇಟೆಯಲ್ಲಿ ಎಲ್ಲಿ ತಿಂಡಿ ತಿನ್ನಬೇಕೆಂಬುದನ್ನು ವ್ಯಾನಿನ ಚಾಲಕ, ಹೊಸನಗರದ ಕೆರಿಯಪ್ಪನೇ ನಿರ್ಧರಿಸುತ್ತಾನೆ. ಒಂಬತ್ತು ವರ್ಷಗಳ ಹಿಂದೆ, ಅವನಿನ್ನೂ ಲಾರಿಯ ಕ್ಲೀನರ್ ಆಗಿದ್ದಾಗ, ಅದೇ ಪೇಟೆಯ ಹೋಟೆಲಿನ ಅನಂತ ಭಟ್ಟರು ಕಾರಿನಲ್ಲಿ ಬಂದವರಿಗೆ ಜಾಗ ಮಾಡಲೆಂದು ಅವನನ್ನು ಅರ್ಧ ಉಂಡ ಎಲೆಯಿಂದ ಎಬ್ಬಿಸಿದ್ದರು. ಉಣ್ಣುವವನನ್ನು ಎಬ್ಬಿಸುವುದಕ್ಕಿಂತ ದೊಡ್ಡ ಅವಮಾನ ಈ ಸೀಮೆಯಲ್ಲಿಲ್ಲ. ಚಾಲಕನಾದಂದಿನಿಂದ ಅವನು ವ್ಯಾನನ್ನು ಭಟ್ಟರ ಬಾಗಿಲೆದುರೇ ನಿಲ್ಲಿಸಿ, ಉದ್ದಕ್ಕೆ ಹಾರ್ನ್ ಹೊಡೆದು, ಜನರನ್ನೆಲ್ಲ ಎದುರುಸಾಲಿನ ಶಾರದಮ್ಮನ ಖಾನಾವಳಿಗೆ ಕರೆದೊಯ್ಯುತ್ತಾನೆ.

ಮೊನ್ನೆ ವ್ಯಾನಿನಿಂದ ಇಳಿದ ಅಜ್ಜಿಯೊಬ್ಬಳು ಮೂಗರಳಿಸಿದಳು. "ತಮ್ಮಾ, ಕಡುಬಿನ ಘಮ ಈ ಕಡೆಯಿಂದ ಬರ್ತಾ ಐತಲ್ಲೋ!"

"ಘಮ ಅಷ್ಟೇ ಅಜ್ಜಿ, ಕಡುಬು ಆ ಕಡೆ," ಎಂದ ಕೆರಿಯಪ್ಪ. ಭಟ್ಟರ ಕಡುಬೇ ರುಚಿಯೆಂಬುದು ಅವನಿಗೂ ಗೊತ್ತಿತ್ತು.

ಭಟ್ಟರು ಹೊಸ್ತಿಲಿಗೆ ಬಂದರು. "ತಪ್ಪಾಯ್ತು ಅಂತ ಹೇಳಿದ್ನಲ್ಲ ಮಾರಾಯಾ. ಇನ್ನೆಷ್ಟು ವರ್ಷ ಸಾಧಿಸ್ತೀಯಾ?"

"ತಿಂಡಿ ತಿಂದ್ಕಂಡ್ ಬಂದು ಹೇಳ್ತೀನಿ ಭಟ್ರೇ."

ಅವನು ಅಜ್ಜಿಯ ಕೈಹಿಡಿದು ರಸ್ತೆ ದಾಟಿಸಿದ. ಭಟ್ಟರಿಗೆ ಕಾಣುವಂತೆ ಬಾಗಿಲ ಬಳಿಯೇ ಕೂತು, ಶಾರದಮ್ಮನ ಕಲ್ಲಿನಂಥ ಕಡುಬನ್ನು ನಿಧಾನವಾಗಿ ಅಗಿದು, ಮತ್ತೆರಡು ಬಡಿಸಿಕೊಂಡ.